ಡೇರಿಯ ಮುಂದೆ ಚುಚ್ಚಿದ ಬೆರಳುಗಳು

ನಮ್ಮ ಮನೆಯಲ್ಲಿ ಬರೀ ಅನ್ನ ಎಂದರೆ ಜ್ವರ ಬಂದವರ ಊಟ. ನಮ್ಮದು ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಪಕ್ಕದ ಒಂದು ಹಳ್ಳಿ. ಮನೆಮಾತು ತೆಲುಗು, ಓದಿದ್ದು ಕನ್ನಡ, ತಿಂದದ್ದು ರಾಗಿ. ಎರಡು ಹೊತ್ತೂ ಮುದ್ದೆ. ಬೆಳಿಗ್ಗೆ ಉಳಿದ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಸ್ಕೂಲಿಗೆ ಓಡುತ್ತಿದ್ದೆವು. ಅನ್ನ ತಿನ್ನುವವರ ಮೈಯಲ್ಲಿ ರಕ್ತವೇ ಇರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದು ಅಮ್ಮನ ಬಾಯಿಗೆ ಬಂತು, ಆಮೇಲೆ ನನ್ನ ಬಾಯಿಗೆ. ನರ್ಸಿಂಗ್ ತರಬೇತಿಯಲ್ಲಿ ಮಕ್ಕಳ ರಕ್ತಹೀನತೆಗೆ ಏನೇನು ಕಾರಣ ಎಂದು ಒಂದು ಪುಟ ಬರೆಸಿದ್ದರು. ಪರೀಕ್ಷೆಯಲ್ಲಿ ಒಂದನ್ನೂ ಬಿಡದೆ ಬರೆದು ಒಳ್ಳೆಯ ಮಾರ್ಕು ತೆಗೆದುಕೊಂಡೆ. ಕೆಲಸಕ್ಕೆ ಸೇರಿದ ಮೇಲೆ ತಲೆಯಲ್ಲಿ ಉಳಿದದ್ದು ಅಜ್ಜಿ ಹೇಳಿದ ಒಂದೇ ಕಾರಣ.

ಈ ಬರಹದಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ಮಾಲೂರಿನ ಹತ್ತಿರದ ಒಂದು ಉಪಕೇಂದ್ರದಲ್ಲಿ ನಾನು ಆರೋಗ್ಯ ಸಹಾಯಕಿ. ಊರವರಿಗೆ ಸಿಸ್ಟರು. ಬಸುರಿ, ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಕಬ್ಬಿಣಾಂಶದ ಸಿರಪ್ಪು ಹಂಚುವುದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ ಮಲೇರಿಯಾ ಪರೀಕ್ಷೆಗೆ ಕಳಿಸುವುದು, ಇವು ನನ್ನ ಕೆಲಸ. ನನಗೆ ಬಾಯಿ ಸ್ವಲ್ಪ ಜೋರು. ಬೈದರೆ ಜನ ಕೇಳುತ್ತಾರೆ ಎಂದು ನಂಬಿದ್ದೆ. ಕೇಳುತ್ತಲೂ ಇದ್ದರು. ಹಾಗಾಗಿ ಬೈಗುಳವೂ ನನ್ನ ಬ್ಯಾಗಿನಲ್ಲಿದ್ದ ಒಂದು ಔಷಧಿಯಂತೆ ಆಗಿಹೋಗಿತ್ತು.

ಆ ಸ್ಲೈಡುಗಳ ವಿಷಯ ಹೇಳಬೇಕು. ತಿಂಗಳಿಗೆ ಇಷ್ಟು ಸ್ಲೈಡು ಎಂದು ಗುರಿ ಇರುತ್ತದೆ. ನಿಯಮದ ಪ್ರಕಾರ ಜ್ವರ ಬಂದವರನ್ನು ಮನೆಮನೆಗೆ ಹೋಗಿ ಹುಡುಕಬೇಕು. ಹಾಗೆ ಸುತ್ತಿದರೆ ಒಂದು ದಿನಕ್ಕೆ ಇಬ್ಬರು ಸಿಕ್ಕರೆ ಹೆಚ್ಚು, ಅವರಲ್ಲಿ ಒಬ್ಬರು ಬೆರಳು ಕೊಡುವುದಿಲ್ಲ. ನಾನು ಸುಲಭದ ದಾರಿ ಕಂಡುಕೊಂಡಿದ್ದೆ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಇಡೀ ಊರು ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತದೆ. ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತರೆ ಅರ್ಧ ಗಂಟೆಯಲ್ಲಿ ತಿಂಗಳ ಕೆಲಸ ಮುಗಿಯುತ್ತಿತ್ತು. ಎಮ್ಮೆ ಕರೆದು, ಸಗಣಿ ಬಾಚಿ, ಸೈಕಲ್ ತುಳಿದುಕೊಂಡು ಬಂದ ಗಟ್ಟಿಮುಟ್ಟಾದ ಜನ ನಗುನಗುತ್ತಾ ಬೆರಳು ಚಾಚುತ್ತಿದ್ದರು.

"ಏನ್ ಸಿಸ್ಟ್ರೇ, ಅಲ್ಲಿ ಹಾಲಿಗೆ ಡಿಗ್ರಿ ನೋಡ್ತಾರೆ, ಇಲ್ಲಿ ನಮ್ಗೂ ನೋಡ್ತೀರಾ?" ಎನ್ನುತ್ತಿದ್ದರು.

"ನಿಮ್ ರಕ್ತದಲ್ಲಿ ಎಷ್ಟು ನೀರು ಬೆರ್ಸಿದೀರ ಅಂತ ನೋಡ್ಬೇಕಲ್ಲ," ಎನ್ನುತ್ತಿದ್ದೆ.

ಆ ಸ್ಲೈಡುಗಳಲ್ಲಿ ಯಾವತ್ತೂ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ನಿಮ್ಮ ಸ್ಲೈಡು ನೋಡಿದರೆ ಕಣ್ಣಿಗೆ ತಂಪು ಎಂದು ಲ್ಯಾಬಿನವರು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಕಳ್ಳಕೆಲಸ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ನನ್ನ ವ್ಯಾಪ್ತಿಯಲ್ಲಿ ಒಂದು ಇಟ್ಟಿಗೆ ಗೂಡಿದೆ. ದೀಪಾವಳಿ ಕಳೆಯುತ್ತಿದ್ದಂತೆ ಒಡಿಶಾದ ಗುಡ್ಡಗಾಡಿನಿಂದ ಸಂಸಾರ ಸಮೇತ ಜನ ಬಂದಿಳಿಯುತ್ತಾರೆ. ಮಳೆಗಾಲ ಶುರುವಾಗುವವರೆಗೆ ಇದ್ದು ಹೊರಟುಹೋಗುತ್ತಾರೆ. ಬಿಡಿ ಇಟ್ಟಿಗೆಯನ್ನೇ ಎದೆಮಟ್ಟಕ್ಕೆ ಜೋಡಿಸಿ, ಮೇಲೊಂದು ತಗಡು ಹೊದಿಸಿದರೆ ಅದೇ ಮನೆ. ಮಣ್ಣು ತೆಗೆದ ಗುಂಡಿಗಳಲ್ಲಿ ವರ್ಷಪೂರ್ತಿ ನೀರು ನಿಂತಿರುತ್ತದೆ. ಡೇರಿಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಧೂಳು, ಭಾಷೆ ಬಾರದು, ಮಕ್ಕಳು ನನ್ನನ್ನು ಕಂಡರೆ ಕಿರುಚಿಕೊಂಡು ಓಡುತ್ತವೆ ಎಂದು ನೆಪ ಹೇಳಿಕೊಂಡು, ಚುಚ್ಚುಮದ್ದಿನ ದಿನ ಬಿಟ್ಟರೆ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ಮೊದಲ ಸಲ ಹೋದಾಗ ಹಸಿ ಇಟ್ಟಿಗೆಗಳ ಸಾಲಿನ ಪಕ್ಕ ಎರಡೂವರೆ ವರ್ಷದ ಒಂದು ಹೆಣ್ಣುಮಗು ಕೂತಿತ್ತು. ಇಟ್ಟಿಗೆಯ ಮೂಲೆಯನ್ನು ನಾಲಿಗೆಯಿಂದ ನೆಕ್ಕುತ್ತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪು ಇರಲಿಲ್ಲ, ಸುಣ್ಣ ಬಳಿದಂತಿತ್ತು. ಹೊಟ್ಟೆ ಮುಂದೆ ಬಂದಿತ್ತು. ತಾಯಿ ಮಣ್ಣಿನ ಕೈಯಲ್ಲೇ ಓಡಿ ಬಂದಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ಆಂಧ್ರದ ಗಡಿಯ ಕಡೆಯವಳಂತೆ, ಒಂದಿಷ್ಟು ತೆಲುಗು ಬರುತ್ತಿತ್ತು. ನಾವಿಬ್ಬರೂ ಮಾತಾಡಿದ್ದೆಲ್ಲ ತೆಲುಗಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜ್ವರ ಇದೆಯಾ?" ಎಂದೆ.

"ಇಲ್ಲಕ್ಕಾ. ಸುಸ್ತು. ಆಡೋದೇ ಇಲ್ಲ," ಎಂದಳು.

ಹೊರಗೆ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಕೆಲಸ ಮಾಡಿಸುವ ಮೇಸ್ತ್ರಿ ವಾರಕ್ಕೊಂದು ಸಲ ಅಕ್ಕಿ ತಂದು ಹಾಕುತ್ತಿದ್ದ, ಅವರು ಅದನ್ನೇ ಬೇಯಿಸುತ್ತಿದ್ದರು. ಆ ಪಾತ್ರೆಯನ್ನು ಕಂಡದ್ದೇ ತಡ, ನನಗೆ ಕಾರಣ ಸಿಕ್ಕಿಬಿಟ್ಟಿತು. ಸೊಂಟದ ಮೇಲೆ ಕೈಯಿಟ್ಟು ನಿಂತು, ಇಡೀ ಸಾಲಿನ ಹೆಂಗಸರಿಗೆ ಕೇಳುವ ಹಾಗೆ ಬೈದೆ. ಬರೀ ಅನ್ನ ಸುರಿದರೆ ಮಗುವಿಗೆ ರಕ್ತ ಎಲ್ಲಿಂದ ಬರುತ್ತದೆ? ಹೆತ್ತರೆ ಆಯಿತೇ, ಸಾಕುವುದು ಗೊತ್ತಿಲ್ಲವೇ? ಅದಕ್ಕೇ ಅದು ಇಟ್ಟಿಗೆ ತಿನ್ನುತ್ತಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ನಾನು ಬಿಡಲಿಲ್ಲ. ಸಿರಪ್ಪಿನ ಬಾಟಲಿ ಕೈಗಿಟ್ಟು, ಹೊಟ್ಟೆ ನೋಡಿ ಜಂತುಹುಳದ ಔಷಧಿಯನ್ನೂ ಕುಡಿಸಿ ಬಂದೆ.

ಎರಡು ವಾರ ಬಿಟ್ಟು ಹೋದಾಗ ಊರಿಂದ ಅಮ್ಮ ಕಳಿಸಿದ್ದ ಮೊಳಕೆ ರಾಗಿ ಹಿಟ್ಟನ್ನು ತೆಗೆದುಕೊಂಡು ಹೋದೆ. ಇದು ನನ್ನ ಕೆಲಸವಲ್ಲ, ಆದರೂ ಮಾಡುತ್ತಿದ್ದೇನೆ ಎಂಬ ಹಮ್ಮು ಮನಸ್ಸಿನಲ್ಲಿತ್ತು. ಗಂಟಾಗದಂತೆ ಹೇಗೆ ಕಾಯಿಸಬೇಕು ಎಂದು ಅವಳ ಒಲೆಯ ಮುಂದೆ ಕೂತು ಪಾಠ ಮಾಡಿದೆ. ಅವಳು ತಲೆ ಆಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಆ ದಿನ ಬಹಳ ಸಂತೋಷದಿಂದ ಮನೆಗೆ ಹೋದೆ.

ಸಂಕ್ರಾಂತಿಯ ನಂತರ ನೋಡಿದರೆ ಮಗು ಇನ್ನೂ ಬಿಳಚಿಕೊಂಡಿತ್ತು. ಎತ್ತಿಕೊಂಡರೆ ಹೆಗಲ ಮೇಲೆ ತಲೆ ಹಾಕಿ ಹಾಗೇ ಉಳಿದುಬಿಡುತ್ತಿತ್ತು, ಅಳುತ್ತಲೂ ಇರಲಿಲ್ಲ. ನನಗೆ ಕೋಪ ಬಂತು. ನಾನು ಇಷ್ಟೆಲ್ಲ ಮಾಡಿದ ಮೇಲೂ ಮಗು ಚೇತರಿಸಿಕೊಳ್ಳದಿದ್ದುದು ನನಗೇ ಮಾಡಿದ ಅವಮಾನದಂತೆ ಕಂಡಿತು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದೆ.

"ನೀನು ಇದನ್ನ ಕುಡಿಸ್ತಿಲ್ಲ. ಮಣ್ಣಿಗೆ ಚೆಲ್ತಿದೀಯ," ಎಂದೆ.

"ಇಲ್ಲಕ್ಕಾ, ದಿನಾ ಹಾಕ್ತೀನಿ. ಮಗು ಕಪ್ಪಗೆ ಹೋಗ್ತಿದೆ ನೋಡಿ."

ಕಬ್ಬಿಣದ ಸಿರಪ್ಪು ಹೊಟ್ಟೆಗೆ ಹೋದರೆ ಮಲ ಕಪ್ಪಗಾಗುತ್ತದೆ. ಕುಡಿಸುತ್ತಿದ್ದಾಳೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅದು ನನಗೆ ಚೆನ್ನಾಗಿ ಗೊತ್ತು, ನೂರಾರು ತಾಯಂದಿರಿಗೆ ನಾನೇ ಹೇಳಿದ್ದೇನೆ. ಆದರೂ "ಸುಳ್ಳು ಹೇಳ್ಬೇಡ" ಎಂದೆ. ಅವಳು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಆಮೇಲಿನ ಎಲ್ಲ ತಪ್ಪುಗಳಿಗಿಂತ ಈ ಎರಡು ಮಾತು ನನ್ನನ್ನು ಹೆಚ್ಚು ಚುಚ್ಚುತ್ತವೆ, ಯಾಕೆಂದರೆ ಇಲ್ಲಿ ನನಗೆ ಗೊತ್ತಿಲ್ಲದೆ ತಪ್ಪಾಯಿತು ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಪೋಲಿಯೋ ಹನಿ ಹಾಕುವ ಭಾನುವಾರ ಬಂತು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಗೂಡಿಗೆ ಹೋದೆವು. ಎಲ್ಲ ಮಕ್ಕಳೂ ಬಂದವು, ಈ ಮಗು ಬರಲಿಲ್ಲ. ಬಗ್ಗಿ ಗುಡಿಸಲೊಳಗೆ ಹೋದೆ. ಚಾಪೆಯ ಮೇಲೆ ಮಲಗಿತ್ತು. ಉಸಿರು ನಾಯಿಮರಿಯ ಉಸಿರಿನಂತೆ ಬೇಗಬೇಗ ಬರುತ್ತಿತ್ತು. ಕೂರಿಸಿದರೆ ಕೂರಲಿಲ್ಲ. ಹನಿ ಹಾಕಿದ ಗುರುತಿಗೆ ಕಿರುಬೆರಳಿಗೆ ಶಾಯಿ ಹಚ್ಚಬೇಕಲ್ಲ, ಹಾಗೆಂದು ಬೆರಳು ಹಿಡಿದರೆ ಐಸಿನಂತೆ ತಣ್ಣಗಿತ್ತು. ಹೊರಗೆ ಓಡಿ ಮೇಸ್ತ್ರಿಯನ್ನು ಕೂಗಿದೆ. ಮೇಸ್ತ್ರಿ ತನ್ನ ಟೆಂಪೋ ತಂದ. ತಾಯಿ, ಮಗು, ನಾನು ಮೂವರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು.

ನಮ್ಮ ಡಾಕ್ಟರು ಬೆಳಗಾವಿ ಕಡೆಯ ಹುಡುಗ, ಓದು ಮುಗಿಸಿ ಹೊಸದಾಗಿ ಬಂದಿದ್ದರು. ಮಗುವಿನ ಹೊಟ್ಟೆಯ ಎಡಭಾಗವನ್ನು ಮೆಲ್ಲಗೆ ಒತ್ತಿ ನೋಡಿ, ನನ್ನ ಕೈ ಹಿಡಿದು ಅಲ್ಲಿಟ್ಟರು.

"ಇಲ್ಲಿ ನೋಡ್ರಿ ಸಿಸ್ಟರ್. ಇದು ಹುಳದ ಹೊಟ್ಟಿ ಅಲ್ಲ. ಗುಲ್ಮ, ಸ್ಪ್ಲೀನ್ ಊದೇತಿ."

ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಅಂಚು ಸ್ಪಷ್ಟವಾಗಿ ಬೆರಳಿಗೆ ಸಿಕ್ಕಿತು. ಮೂರು ತಿಂಗಳಿಂದ ಇದೇ ಹೊಟ್ಟೆಯನ್ನು ನೋಡುತ್ತಿದ್ದೆ, ಒಂದು ಸಲವೂ ಕೈಯಿಟ್ಟು ಒತ್ತಿ ನೋಡಿರಲಿಲ್ಲ. ಡಾಕ್ಟರು ಮಗುವಿನ ಬೆರಳು ಚುಚ್ಚಿ ಮಲೇರಿಯಾ ಕಿಟ್ಟಿನ ಮೇಲೆ ರಕ್ತದ ಹನಿ ಹಾಕಿದರು. ರಕ್ತ ಎನ್ನಲೂ ಆಗದಷ್ಟು ತೆಳ್ಳಗಿತ್ತು. ಸ್ವಲ್ಪ ಹೊತ್ತಿಗೆ ಎರಡನೆಯ ಗೆರೆ ಮೂಡಿತು. ಮಲೇರಿಯಾ.

"ಜ್ವರ ಇರಲೇ ಇಲ್ಲ ಸಾರ್," ಎಂದೆ.

"ಇರಬೇಕಂತೇನಿಲ್ರಿ. ಆ ಕಡೆ ಹುಡುಗರಿಗೆ ಹುಟ್ಟಿದಾಗಿಂದ ಮತ್ತ ಮತ್ತ ಬಂದು ಮೈ ಒಗ್ಗಿರ್ತದ. ಜ್ವರ ತೋರಸಂಗಿಲ್ಲ, ಒಳಗ ರಕ್ತ ಒಡೀತಿರ್ತದ. ಅದರ ಜೊತಿಗೆ ಹುಳಾನೂ ಇರ್ತಾವು, ಊಟಾನೂ ಸಾಲಂಗಿಲ್ಲ. ಎಲ್ಲಾ ಕೂಡೇ ಬರ್ತಾವು. ಒಂದಕ್ಕ ಔಷಧ ಕೊಟ್ಟು ಇನ್ನೊಂದು ಬಿಟ್ರ ಉಪಯೋಗ ಇಲ್ಲ." ಹೀಗೆಂದು ಬರೆಯುತ್ತಲೇ ಕೇಳಿದರು, "ಆ ಗೂಡಿನ ಮಂದೀದು ಸ್ಲೈಡ್ ತಗೀತಿದ್ರಲ್ಲಾ?"

"ಜ್ವರ ಇರೋರು ಯಾರೂ ಸಿಗ್ಲಿಲ್ಲ ಸಾರ್," ಎಂದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಹೇಳಿಲ್ಲ. ಆ ತಿಂಗಳ ಸ್ಲೈಡುಗಳೆಲ್ಲ ಡೇರಿಯ ಮುಂದೆ ನಿಂತವರವು. ಡಾಕ್ಟರು ನಂಬಿ ತಲೆಯಾಡಿಸಿದರು.

ಆಗ ಆ ತಾಯಿ ಡಾಕ್ಟರ ಕಡೆ ತಿರುಗಿ, ಕೈ ಮುಗಿದು, ತೆಲುಗಿನಲ್ಲಿ ಹೇಳಿದಳು: "ತಪ್ಪು ನಂದೇ ಸಾರ್. ಅಕ್ಕ ಹೇಳಿದ್ದೆಲ್ಲ ಮಾಡಿದೆ. ರಾಗಿ ಕುಡಿಸಿದೆ, ಔಷಧಿ ಹಾಕಿದೆ. ಎಲ್ಲೋ ನಾನೇ ಸರಿಯಾಗಿ ಮಾಡಿಲ್ಲ."

ಡಾಕ್ಟರಿಗೆ ತೆಲುಗು ಬಾರದು. "ಏನಂತಾರ?" ಎಂದು ನನ್ನ ಮುಖ ನೋಡಿದರು.

"ಮಗು ಉಳಿಯತ್ತಾ ಅಂತ ಕೇಳ್ತಿದಾರೆ ಸಾರ್," ಎಂದೆ.

ಅವರು ಅವಳ ಭುಜ ತಟ್ಟಿ, ಕನ್ನಡದಲ್ಲೇ ಸಮಾಧಾನ ಹೇಳಿದರು. ಸಮಯಕ್ಕೆ ಸರಿಯಾಗಿ ಸಿಸ್ಟರು ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಕಷ್ಟವಿತ್ತು ಎಂದರು. ಇದನ್ನು ಮಾತ್ರ ನಾನು ಅವಳಿಗೆ ಸರಿಯಾಗಿ ತೆಲುಗಿನಲ್ಲಿ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ಆ ಹೊತ್ತು ಗೊತ್ತಾಯಿತು.

ಅಂಬ್ಯುಲೆನ್ಸಿನಲ್ಲಿ ಕೋಲಾರದ ದೊಡ್ಡಾಸ್ಪತ್ರೆಗೆ ಹೋದೆವು. ಮಗುವಿನ ಹಿಮೋಗ್ಲೋಬಿನ್ ನಾಲ್ಕಕ್ಕಿಂತ ಕೆಳಗಿತ್ತು. ತಕ್ಷಣ ರಕ್ತ ಏರಿಸಿದರು, ಮಲೇರಿಯಾಕ್ಕೆ ಇಂಜೆಕ್ಷನ್ ಶುರು ಮಾಡಿದರು. ಕೊಟ್ಟ ರಕ್ತಕ್ಕೆ ಬದಲು ಯಾರಾದರೂ ದಾನ ಮಾಡಿದರೆ ಒಳ್ಳೆಯದು ಎಂದರು. ಹಿಂದೆಯೇ ಮೇಸ್ತ್ರಿಯ ಟೆಂಪೋದಲ್ಲಿ ಬಂದಿದ್ದ ಮಗುವಿನ ತಂದೆಗೆ ಮುಂಚೆ ಮಲೇರಿಯಾ ಬಂದಿದ್ದರಿಂದ ಅವನದು ಬೇಡವೆಂದರು. ನಾನು ತೋಳು ಮಡಚಿ ಮುಂದೆ ಹೋದೆ. ಹೀಗಾದರೂ ಸ್ವಲ್ಪ ತೀರಲಿ ಎಂಬ ಆಸೆ. ಅಲ್ಲಿನ ಹುಡುಗಿ ನನ್ನ ಬೆರಳು ಚುಚ್ಚಿ ನೋಡಿ ನಕ್ಕಳು.

"ಒಂಬತ್ತೂವರೆ ಇದೆ ನಿಮಗೆ. ನಿಮಗೇ ಬೇರೆಯವರು ಕೊಡ್ಬೇಕು ಸಿಸ್ಟರ್. ಯಾಕೆ, ಮುದ್ದೆ ತಿನ್ನಲ್ವಾ?"

ಹುಟ್ಟಿದಾಗಿನಿಂದ ಮುದ್ದೆ ತಿಂದವಳು ನಾನು. ತೋಳು ಇಳಿಸಿಕೊಂಡು ಬಂದೆ. ಕೊನೆಗೆ ರಕ್ತ ಕೊಟ್ಟವನು ಆ ಮೇಸ್ತ್ರಿ. ಅವನನ್ನು ಜನರ ರಕ್ತ ಹೀರುವವನೆಂದು ನಾನು ಎಷ್ಟೋ ಸಲ ಬೈದಿದ್ದೆ.

ಮರುದಿನ ಮಧ್ಯಾಹ್ನ ನೋಡಲು ಹೋದೆ. ಮಗು ನಿದ್ದೆ ಮಾಡುತ್ತಿತ್ತು, ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. ಮಂಚದ ಪಕ್ಕ ನೆಲದ ಮೇಲೆ ಅವಳ ಜೊತೆ ಕೂತೆ. ಏನು ಮಾತಾಡಬೇಕೋ ತಿಳಿಯದೆ, ನಿಮ್ಮೂರಲ್ಲಿ ಏನು ಊಟ ಮಾಡುತ್ತೀರಿ ಎಂದು ಕೇಳಿದೆ. ಮೂರು ತಿಂಗಳಲ್ಲಿ ಅವಳಿಗೆ ನಾನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

"ರಾಗಿ ಅಂಬಲಿ ಅಕ್ಕಾ. ಬೆಳಿಗ್ಗೆನೂ ಅದೇ, ಹೊಲಕ್ಕೆ ಹೋದ್ರೂ ಅದೇ. ಗುಡ್ಡದ ಮೇಲೆ ನಾವೇ ಬೆಳೀತೀವಿ. ಇವಳು ಹಲ್ಲು ಬರೋಕ್ಮುಂಚೆಯಿಂದ ಅದನ್ನೇ ಕುಡಿದಿದ್ದು. ಅಕ್ಕಿ ಇಲ್ಲಿಗೆ ಬಂದ್ಮೇಲೆ."

"ಮತ್ತೆ ನಾನು ಹಿಟ್ಟು ಕಾಯಿಸೋದು ಹೇಳ್ಕೊಟ್ಟಾಗ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ರಿ," ಎಂದಳು.

ಇಟ್ಟಿಗೆ ಗೂಡಿನ ಅಷ್ಟೂ ಜನಕ್ಕೆ ಆ ವಾರವೇ ಕಿಟ್ಟಿನಲ್ಲಿ ಪರೀಕ್ಷೆ ಮಾಡಿದೆವು. ಇನ್ನೂ ಕೆಲವು ಮಕ್ಕಳಲ್ಲಿ ಎರಡನೆಯ ಗೆರೆ ಬಂತು. ಒಬ್ಬರಿಗೂ ಜ್ವರವಿರಲಿಲ್ಲ. ಔಷಧಿ ಕೊಟ್ಟೆವು, ಗುಂಡಿಗಳಿಗೆ ಸೊಳ್ಳೆಮರಿ ತಿನ್ನುವ ಮೀನು ಬಿಡಿಸಿದರು, ಸೊಳ್ಳೆಪರದೆ ಬಂದವು. ತಿಂಗಳ ಸಭೆಯಲ್ಲಿ ಡಾಕ್ಟರು ನನ್ನನ್ನು ಎದ್ದು ನಿಲ್ಲಿಸಿ, ಇವರ ಕಣ್ಣಿಗೆ ಬಿದ್ದಿದ್ದರಿಂದ ಒಂದು ಜೀವ ಉಳಿಯಿತು ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತುಬಿಡಬಹುದಿತ್ತು, ಇಲ್ಲ ಸಾರ್ ಎನ್ನಬಹುದಿತ್ತು. ಚಪ್ಪಾಳೆ ನಿಲ್ಲುವವರೆಗೆ ನಿಂತಿದ್ದೆ. ಒಂದು ಕ್ಷಣ ಅದು ಹಿತವಾಗಿಯೂ ಇತ್ತು. ನಾಚಿಕೆಗೇಡು ಎನ್ನುವುದು ಅದಕ್ಕೇ.

ಡೇರಿಯ ಮುಂದೆ ಸ್ಟೂಲು ಹಾಕುವುದನ್ನು ಬಿಟ್ಟೆ. ಯಾಕೆ ಸಿಸ್ಟ್ರೇ ನಮ್ಮ ರಕ್ತ ಬೇಡವಾ ಎಂದು ಜನ ರೇಗಿಸಿದರು. ಸ್ಲೈಡು ಕಡಿಮೆಯಾಯಿತೆಂದು ಮೇಲಿನವರು ನೋಟಿಸು ಕೊಟ್ಟರು.

ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿತ್ತು. ಗೂಡಿನ ಕೆಲಸ ನಿಂತಿತು, ಜನ ಗಂಟುಮೂಟೆ ಕಟ್ಟಿದರು. ಹೊರಡುವ ದಿನ ಬೆಳಿಗ್ಗೆ ಅವಳು ಮಗುವನ್ನು ನಡೆಸಿಕೊಂಡು ಉಪಕೇಂದ್ರಕ್ಕೆ ಬಂದಳು. ಮಗು ಬಾಗಿಲ ಮೆಟ್ಟಿಲನ್ನು ತಾನೇ ಹತ್ತಿ ಇಳಿದು ಆಡುತ್ತಿತ್ತು. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ಅದನ್ನು ಮಾತ್ರ ನನ್ನ ಕೈಲಿ ಸಹಿಸಲಾಗಲಿಲ್ಲ. ತೋಳು ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಡೇರಿಯ ವಿಷಯ ಹೇಳಿದೆ. ಗೂಡಿಗೆ ಬಂದು ಬೆರಳು ಚುಚ್ಚುವುದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ ಎಂದೆ. ಅವಳು ಸಿರಪ್ಪು ಕುಡಿಸುತ್ತಿದ್ದಾಳೆಂದು ಗೊತ್ತಿದ್ದೂ ಸುಳ್ಳು ಹೇಳ್ಬೇಡ ಎಂದೆನಲ್ಲ, ಅದನ್ನು ಹೇಳಿದೆ. ಅವಳು ಡಾಕ್ಟರ ಮುಂದೆ ಆಡಿದ ಮಾತನ್ನು ಮುಚ್ಚಿಟ್ಟು ಬೇರೆ ಏನೋ ಹೇಳಿದ್ದನ್ನೂ ಹೇಳಿದೆ. ತಪ್ಪು ನಿನ್ನದಲ್ಲಮ್ಮಾ, ಒಂದು ಚೂರೂ ನಿನ್ನದಲ್ಲ ಎಂದೆ. ಅಳು ಬಂದಿತ್ತು, ಆದರೆ ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡೆ.

ಅವಳು ಬಯ್ಯಲಿ ಎಂದು ಕಾಯುತ್ತಿದ್ದೆ. ಬಯ್ಯಲಿಲ್ಲ. ಪರವಾಗಿಲ್ಲ ಬಿಡಿ ಎಂದೂ ಹೇಳಲಿಲ್ಲ. ಮೆಟ್ಟಿಲ ಮೇಲಿದ್ದ ಮಗುವನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಕೂದಲು ಸರಿಮಾಡಿದಳು.

"ನಮ್ಮೂರಲ್ಲಿ ಮಕ್ಕಳು ಹೀಗೆ ಬಿಳಚ್ಕೊಂಡ್ರೆ ಮೊದ್ಲು ಬೆರಳು ಚುಚ್ಚಿ ನೋಡ್ತಾರಕ್ಕಾ," ಎಂದಳು. "ಜ್ವರ ಇಲ್ದಿದ್ರೂ ನೋಡ್ತಾರೆ. ನಮ್ಮ ದೊಡ್ಡ ಮಗಳು ಅದ್ರಲ್ಲೇ ಹೋಗಿದ್ದು. ನೀವು ಮೊದಲ್ನೇ ಸಲ ಬಂದ ದಿನಾನೇ, ಇವಳಿಗೂ ಒಂದ್ಸಲ ಚುಚ್ಚಿ ನೋಡಿ ಅಂತ ಕೇಳೋಣಾಂತ ಮಣ್ಣಿನ ಕೈಯಲ್ಲೇ ಓಡಿ ಬಂದೆ. ನೀವು ಬಯ್ಯೋಕೆ ಶುರು ಮಾಡಿದ್ರಿ. ಸುಮ್ಮನಾದೆ."